ಸುಟ್ಟ ಗುಡ್ಡ, ಮೊದಲ ಮಳೆ: ಬುಡದ ಹೊಲದವರು ಅರಿತಿರಬೇಕಾದದ್ದು



ಚೊಳಚಗುಡ್ಡದ ಸುತ್ತಿನ ರೈತರಿಗೆ ಪ್ರವಾಹವೆಂದರೆ ಮಲಪ್ರಭೆ. 2009ರಲ್ಲಿಯೂ 2019ರಲ್ಲಿಯೂ ಬಾದಾಮಿ ತಾಲೂಕಿನ ಹೊಳೆಸಾಲಿನವರು ಅದನ್ನು ಕಂಡಿದ್ದಾರೆ. ಆದರೆ ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟಾಗ ಸುದ್ದಿ ಮೊದಲು ಬರುತ್ತದೆ. ದನಕರು ಸಾಗಿಸಲು ವೇಳೆ ಇರುತ್ತದೆ. ಗುಡ್ಡದ ಹಳ್ಳ ಹಾಗಲ್ಲ. ಬೇಸಿಗೆಯಲ್ಲಿ ಬೆಂಕಿ ಬಿದ್ದು ಬೋಳಾದ ಗುಡ್ಡದಿಂದ ಮೊದಲ ಬಿರುಮಳೆಗೇ ಕಲ್ಲು, ಮಣ್ಣು, ಬೂದಿ, ಕಟ್ಟಿಗೆ ಎಲ್ಲವೂ ಒಂದಾಗಿ, ಕೆಲವೇ ನಿಮಿಷಗಳಲ್ಲಿ ಹೊಲಕ್ಕೆ ಇಳಿಯಬಹುದು. ಇಂಥ ಕಲ್ಲುಕೆಸರಿನ ಹೊನಲು ಹರಿದ ಹೊಲವನ್ನು ಮತ್ತೆ ಸಾಗುವಳಿಗೆ ತರುವುದು ವರ್ಷಗಳ ಕೆಲಸ. ಹೊಲದ ಗುಡಿಸಲಿನಲ್ಲಿ ಮಲಗಿದವರ ಜೀವಕ್ಕೂ ಅಪಾಯ. ಆದರೆ ಈ ಅಪಾಯವನ್ನು ಮೊದಲೇ ಅಂದಾಜು ಮಾಡಬಹುದು.

ಸುಟ್ಟ ಗುಡ್ಡ ನೀರನ್ನು ಏಕೆ ಹಿಡಿಯದು?

ಹುಲ್ಲು, ತರಗೆಲೆ ಇದ್ದಾಗ ಮಳೆಹನಿಯ ಪೆಟ್ಟು ಮಣ್ಣಿಗೆ ನೇರವಾಗಿ ತಾಗುವುದಿಲ್ಲ. ಬೆಂಕಿ ಈ ಹೊದಿಕೆಯನ್ನು ಕಳೆಯುತ್ತದೆ. ಬೂದಿ ಮಣ್ಣಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಗಿಡಗಂಟಿ ಉರಿದಾಗ ಹೊರಡುವ ಮೇಣದಂಥ ವಸ್ತು ಮಣ್ಣಿನ ಕಣಗಳಿಗೆ ಅಂಟಿ, ನೀರನ್ನು ಒಳಗೆ ಬಿಡದ ಪದರವಾಗಬಹುದು. ನಮ್ಮ ಮರಳುಗಲ್ಲಿನ ಗುಡ್ಡಗಳ ಮೇಲೆ ಮಣ್ಣು ಮೊದಲೇ ತೆಳು, ಅದರಡಿ ಬಂಡೆ. ಆದ್ದರಿಂದ ಬಿದ್ದ ನೀರು ಬಿದ್ದಂತೆಯೇ ಹಳ್ಳಕ್ಕೆ ಓಡುತ್ತದೆ.

2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ದಿನಗಟ್ಟಲೆ ಮಳೆ ಕುಡಿದು ಕುಸಿದವು. ಸುಟ್ಟ ಗುಡ್ಡ ಹಾಗೆ ನೆನೆಯುವವರೆಗೆ ಕಾಯುವುದಿಲ್ಲ. ಒಣಗಿದ್ದಾಗಲೇ ಹರಿದು ಬರುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2017ರ ಡಿಸೆಂಬರಿನಲ್ಲಿ ಕಾಡ್ಗಿಚ್ಚು ಬಿದ್ದ ಬೆಟ್ಟಗಳಿಂದ 2018ರ ಜನವರಿ 9ರಂದು ಅಲ್ಪ ಹೊತ್ತಿನ ಬಿರುಸಾದ ಮಳೆಗೆ ಇಂಥ ಹೊನಲು ಮಾಂಟೆಸಿಟೊ ಎಂಬ ಊರಿಗೆ ನುಗ್ಗಿತು. 23 ಜನ ಸತ್ತರು.

ಅಂದಾಜಿಗೆ ನಾಲ್ಕು ಗುರುತು

ಬೆಂಕಿ ಪೂರ್ತಿ ಆರಿದ ವಾರದೊಳಗೆ ನಾಲ್ಕು ಜನ ಕೂಡಿ ಹಳ್ಳದ ಗುಂಟ ಮೇಲೆ ಹೋಗಿ ನೋಡಿರಿ.

1. ಇಳಿಜಾರು: 23 ಡಿಗ್ರಿ ಮೀರಿದ ಇಳಿಜಾರು ಎಷ್ಟು ಸುಟ್ಟಿದೆ ಎಂಬುದು ಮುಖ್ಯ. ಹತ್ತು ಅಡಿ ಕೋಲಿನ ಒಂದು ತುದಿಯನ್ನು ಇಳಿಜಾರಿಗೆ ಊರಿ, ಗೌಂಡಿಗಳ ರಸಮಟ್ಟ ಇಟ್ಟು ಕೋಲನ್ನು ಮಟ್ಟವಾಗಿ ಹಿಡಿಯಿರಿ. ಇನ್ನೊಂದು ತುದಿ ನೆಲದಿಂದ ನಾಲ್ಕೂಕಾಲು ಅಡಿಗಿಂತ ಮೇಲಿದ್ದರೆ ಅದು ಅಂಥ ಇಳಿಜಾರು.

2. ಬೂದಿ: ಕಪ್ಪು ಬೂದಿ ಇದ್ದು ಹುಲ್ಲಿನ ಬುಡ ಉಳಿದಿದ್ದರೆ ಬೆಂಕಿ ಹಗುರವಾಗಿ ಹಾದುಹೋಗಿದೆ, ಮಳೆಗೆ ಹುಲ್ಲು ಚಿಗುರುತ್ತದೆ. ಬಿಳಿ ಬೂದಿ ಇದ್ದು ಬೇರುಗಳೂ ಸುಟ್ಟಿದ್ದರೆ ಅಪಾಯ ಹೆಚ್ಚು.

3. ಮಣ್ಣು: ಬೂದಿ ಸರಿಸಿ ಒಣಮಣ್ಣಿನ ಮೇಲೆ ಒಂದು ಹನಿ ನೀರು ಬಿಡಿರಿ. ಐದು ಸೆಕೆಂಡು ಕಳೆದರೂ ಹನಿ ಇಂಗದೆ ನಿಂತರೆ ಆ ಮಣ್ಣು ನೀರನ್ನು ದೂಡುತ್ತಿದೆ ಎಂದು ತಿಳಿಯಿರಿ. ಹತ್ತು ಕಡೆ ಹೀಗೆ ನೋಡಿರಿ.

4. ಸಾಮಗ್ರಿ: ಬಂಡೆಯ ಬುಡದಲ್ಲಿ ಸಡಿಲ ಕಲ್ಲುರಾಶಿ, ಹಳ್ಳದಲ್ಲಿ ಗರಸು, ಬಿದ್ದ ಮರ ಇದ್ದರೆ ಹೊನಲಿಗೆ ಬೇಕಾದದ್ದೆಲ್ಲ ಸಿದ್ಧವಾಗಿದೆ. ಇವು ಇಲ್ಲದ ಕಡೆ ಮರಳು ಬೆರೆತ ನೀರು ಮಾತ್ರ ಬಂದೀತು. ಹಳ್ಳದ ಬಾಯಲ್ಲಿ ದೊಡ್ಡ, ಸಣ್ಣ ಕಲ್ಲುಗಳು ಕೆಸರಿನಲ್ಲಿ ಕಲಸಿ ಗಟ್ಟಿಯಾದ ಹಳೆಯ ದಿಬ್ಬವಿದ್ದರೆ, ಹಿಂದೊಮ್ಮೆ ಹೊನಲು ಅಲ್ಲಿಯವರೆಗೆ ಬಂದಿರುವ ಸಂಭವ ಹೆಚ್ಚು.

ಎಷ್ಟು ಮಳೆ?

ದಿನದ ಒಟ್ಟು ಮಳೆಗಿಂತ 15 ನಿಮಿಷದ ಬಿರುಸು ಮುಖ್ಯ. ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣೆಯವರು ಇಳಿಜಾರು, ಬೆಂಕಿಯ ತೀವ್ರತೆ, ಮಣ್ಣಿನ ಗುಣ ಮತ್ತು ಈ ಬಿರುಸನ್ನು ಕೂಡಿಸಿ ಅಪಾಯದ ನಕ್ಷೆ ಮಾಡುತ್ತಾರೆ. ಅದರಲ್ಲಿ ಗಂಟೆಗೆ 24 ಮಿ.ಮೀ. ವೇಗದ, ಅಂದರೆ 15 ನಿಮಿಷಕ್ಕೆ 6 ಮಿ.ಮೀ. ಮಳೆಯನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಅದು ಆ ನಾಡಿನ ಅಳತೆ. ನಮ್ಮ ನೆಲಕ್ಕೆ ಹಾಗೆಯೇ ಹೊಂದಬೇಕೆಂದಿಲ್ಲ. ಆದರೆ ನಮ್ಮ ಗುಡುಗು ಮಳೆಗೆ ಅಷ್ಟು ಬಿರುಸು ಅಪರೂಪವಲ್ಲ ಎಂಬುದನ್ನು ಮರೆಯಬಾರದು. ಆದ್ದರಿಂದ ಮಳೆ ಅಳೆದು ಆಮೇಲೆ ಎಚ್ಚರವಾಗುವುದಲ್ಲ, ಮಳೆಗೆ ಮೊದಲೇ ಸಿದ್ಧರಿರಬೇಕು.

ಅಶ್ವಿನಿ ಮಳೆಗೆ ಮುನ್ನ

ಬನಶಂಕರಿ ಜಾತ್ರೆ ಮುಗಿದ ಮೇಲೆ ಗುಡ್ಡದ ಹುಲ್ಲು ಒಣಗುತ್ತದೆ. ಏಪ್ರಿಲ್ ಮಧ್ಯಕ್ಕೆ ಅಶ್ವಿನಿ ಮಳೆ ಹೂಡುತ್ತದೆ. ಈ ನಡುವೆ ಬೆಂಕಿ ಬಿದ್ದರೆ ನಿಮಗೆ ಉಳಿಯುವುದು ಕೆಲವೇ ವಾರಗಳು. ಅಷ್ಟರೊಳಗೆ ಈ ಕೆಲಸಗಳನ್ನು ಮುಗಿಸಿರಿ:

ಹಳ್ಳಕ್ಕೆ ಅಡ್ಡಬಿದ್ದ ಮರ, ಕಂಟಿಗಳನ್ನು ತೆಗೆಯಿರಿ. ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು, ಮೇಲಿನ ಸಣ್ಣ ಕೊರಕಲುಗಳಲ್ಲಿ ಮಾತ್ರ ಮೊಣಕಾಲೆತ್ತರದ ಕಲ್ಲಿನ ತಡೆ ಹಾಕಿರಿ. ಇಳಿಜಾರಿಗೆ ಅಡ್ಡಲಾಗಿ ಕಂಟಿ ಹಾಸಿರಿ. ದೊಡ್ಡ ಹಳ್ಳಕ್ಕೆ ಮಣ್ಣಿನ ಒಡ್ಡು ಹಾಕಬಾರದು. ಅದು ಒಡೆದರೆ ಹೊನಲಿಗೆ ಇನ್ನಷ್ಟು ಮಣ್ಣು ಸೇರುತ್ತದೆ. ಹೊಲದ ಒಡ್ಡಿನ ಕೋಡಿಗಳನ್ನು ದುರಸ್ತಿ ಮಾಡಿರಿ. ಕಣಕಿ ಬಣವೆ, ದನದ ಕೊಟ್ಟಿಗೆ, ಪಂಪ್‌ಸೆಟ್ಟುಗಳನ್ನು ಹಳ್ಳದ ಬಾಯಿಂದ ದೂರ ಸಾಗಿಸಿರಿ. ಸುಟ್ಟ ಗುಡ್ಡದಲ್ಲಿ ಕುರಿ, ಆಡು ಮೇಯಿಸದೆ ಹುಲ್ಲು ಚಿಗುರಲು ಬಿಡಿರಿ.

ಮಳೆ ಬಂದಾಗ

ಹೊಲದಲ್ಲಿ ಬಿಸಿಲಿದ್ದರೂ ಗುಡ್ಡದ ಮೇಲೆ ಮೋಡ ಕಟ್ಟಿ ಗುಡುಗಿದರೆ ಹಳ್ಳದಿಂದ ಹೊರಬನ್ನಿರಿ. ಹರಿಯುತ್ತಿದ್ದ ನೀರು ಒಮ್ಮೆಲೆ ಕಡಿಮೆಯಾದರೆ ಮೇಲೆ ಎಲ್ಲಿಯೋ ಕಟ್ಟಿಕೊಂಡಿರಬಹುದು. ನೀರು ದಿಢೀರನೆ ರಾಡಿಯಾದರೆ, ಕಲ್ಲು ಉರುಳುವ ಸದ್ದು ಕೇಳಿದರೆ ತಡಮಾಡಬಾರದು. ಹಳ್ಳದ ಗುಂಟ ಕೆಳಗೆ ಓಡದೆ, ಪಕ್ಕದ ಎತ್ತರಕ್ಕೆ ಏರಿರಿ. ಹಳ್ಳ ದಾಟುವ ಸಾಹಸ ಬೇಡ. ಮಳೆಯ ರಾತ್ರಿಗಳಲ್ಲಿ ಹಳ್ಳದ ಬಾಯಿಯ ಗುಡಿಸಲಿನಲ್ಲಿ ಯಾರೂ ಮಲಗಬಾರದು.

ಈ ಎಚ್ಚರಿಕೆಯನ್ನು ಕನಿಷ್ಠ ಎರಡು ಮಳೆಗಾಲ ಪಾಲಿಸಬೇಕು. ಹುಲ್ಲು ನೆಲವನ್ನು ಮತ್ತೆ ಮುಚ್ಚಿದಂತೆ ಅಪಾಯ ಇಳಿಯುತ್ತದೆ. ಹೊಸ ಹುಲ್ಲು ಬರಲೆಂದು ಗುಡ್ಡಕ್ಕೆ ಬೆಂಕಿ ಇಡುವವರಿಗೂ ಇದನ್ನು ತಿಳಿಸಿ ಹೇಳಿರಿ. ಗುಡ್ಡದ ಹುಲ್ಲು ಉಳಿದರೆ ಬುಡದ ಹೊಲವೂ ಉಳಿಯುತ್ತದೆ.