ಸ್ಟಾಪ್‌ವಾಚ್ ಹಿಡಿದ ಸಂಪಾದಕರು

1977ರ ಮಾರ್ಚ್‌ನಲ್ಲಿ ಅಮೆರಿಕದ ಡೇಟೋನಾ ರೇಸ್‌ಟ್ರ್ಯಾಕಿನಲ್ಲಿ ಸೂಪರ್‌ಬೈಕ್ ಪಂದ್ಯ ಗೆದ್ದವರು ಕುಕ್ ನೀಲ್ಸನ್. ಅವರ ಹಿಂದೆ ಬಿದ್ದವರಲ್ಲಿ ಆಮದುದಾರರ, ಹೆಸರಾಂತ ಟ್ಯೂನರ್‌ಗಳ ಬೆಂಬಲವಿದ್ದ ಸವಾರರಿದ್ದರು. ನೀಲ್ಸನ್ ಅವರಿಗೆ ಸಂಬಳ ಬರುತ್ತಿದ್ದುದು ಮಾತ್ರ ಬೇರೆ ಕೆಲಸಕ್ಕೆ. ಅವರು ‘ಸೈಕಲ್’ ಎಂಬ ಮೋಟಾರ್‌ಸೈಕಲ್ ಮಾಸಪತ್ರಿಕೆಯ ಸಂಪಾದಕ. ಅವರು ಓಡಿಸಿದ 31ನೇ ನಂಬರಿನ ಡುಕಾಟಿಯನ್ನು ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚಿ ಹದಕ್ಕೆ ತಂದವರೂ ಅದೇ ಪತ್ರಿಕೆಯ ಫಿಲ್ ಶಿಲ್ಲಿಂಗ್. ಹಿಂದಿನ ವರ್ಷ ಇದೇ ಪಂದ್ಯದಲ್ಲಿ ಎರಡು ಬಿಎಂಡಬ್ಲ್ಯುಗಳು ನೀಲ್ಸನ್ ಅವರನ್ನು ಮೂರನೇ ಸ್ಥಾನಕ್ಕೆ ತಳ್ಳಿದ್ದವು.

ಸಂಪಾದಕನೊಬ್ಬ ರೇಸ್ ಗೆದ್ದದ್ದು ಸೋಜಿಗವೇ. ಆದರೆ ಅದರ ನಿಜವಾದ ಲಾಭ ಸಿಕ್ಕಿದ್ದು ಓದುಗರಿಗೆ. ಈ ಬೈಕಿನ ಚಾಸಿ ತಿರುವಿನಲ್ಲಿ ಅದುರುತ್ತದೆ, ಆ ಬೈಕಿನ ಬ್ರೇಕು ಬಿಸಿಯಾದರೆ ಹಿಡಿಯುವುದಿಲ್ಲ ಎಂದು ‘ಸೈಕಲ್’ ಬರೆದಾಗ, ಬರೆದವರಿಗೆ ಗೊತ್ತಿಲ್ಲದೆ ಬರೆದಿದ್ದಾರೆ ಎನ್ನುವ ಧೈರ್ಯ ಯಾವ ಕಂಪನಿಗೂ ಇರಲಿಲ್ಲ. ಯಾವ ಬೈಕ್ ಪತ್ರಿಕೆಯನ್ನು ದುಡ್ಡು ಕೊಟ್ಟು ಓದಬೇಕು ಎಂಬ ಪ್ರಶ್ನೆಗೆ ಉತ್ತರ ಬೇಕಿದ್ದರೆ, ಪತ್ರಿಕೆಗಳು ಆ ಹಂತಕ್ಕೆ ಬಂದದ್ದು ಹೇಗೆಂದು ನೋಡುವುದೇ ಒಳ್ಳೆಯ ದಾರಿ.

ಆರಂಭದ ಪತ್ರಿಕೆಗಳು ಬಹಳ ಸಭ್ಯವಾಗಿದ್ದವು. ಬ್ರಿಟನ್ನಿನ ‘ದಿ ಮೋಟಾರ್ ಸೈಕಲ್’ ವಾರಪತ್ರಿಕೆ 1903ರಲ್ಲಿ ಹುಟ್ಟಿತು. ಅದರ ಪ್ರತಿಸ್ಪರ್ಧಿ ‘ಮೋಟಾರ್ ಸೈಕ್ಲಿಂಗ್’. ರಕ್ಷಾಪುಟದ ಬಣ್ಣದಿಂದ ಜನ ಮೊದಲನೆಯದನ್ನು ನೀಲಿ ಪತ್ರಿಕೆ, ಎರಡನೆಯದನ್ನು ಹಸಿರು ಪತ್ರಿಕೆ ಎಂದೇ ಕರೆಯುತ್ತಿದ್ದರು. ನೀಲಿ ಪತ್ರಿಕೆಯಲ್ಲಿ ‘ಇಕ್ಸಿಯಾನ್’ ಹೆಸರಿನಲ್ಲಿ ದಶಕಗಟ್ಟಲೆ ಬರೆದವರು ಬೇಸಿಲ್ ಡೇವಿಸ್. ಅವರು ಇಂಗ್ಲೆಂಡಿನ ಚರ್ಚೊಂದರ ಪಾದ್ರಿ! ಭಾನುವಾರ ಉಪದೇಶ, ಉಳಿದ ದಿನ ಪಂಕ್ಚರ್, ಹರಿದ ಬೆಲ್ಟು, ಹೊತ್ತಿಕೊಳ್ಳದ ಇಗ್ನಿಷನ್‌ಗಳ ಪಾಡು. ಅವರ ಬರಹದಲ್ಲಿ ನಗೆಯಿತ್ತು, ರಸ್ತೆಯ ಅನುಭವವಿತ್ತು. ಆದರೆ ಒಟ್ಟಾರೆ ಆ ಕಾಲದ ರೋಡ್ ಟೆಸ್ಟ್‌ಗಳಲ್ಲಿ ಬೈಕಿನ ದೋಷವನ್ನು ಮುಖಕ್ಕೆ ಹೊಡೆದಂತೆ ಹೇಳುವ ವಾಡಿಕೆ ಇರಲಿಲ್ಲ. ಕಾವೆಂಟ್ರಿ, ಬರ್ಮಿಂಗ್‌ಹ್ಯಾಮ್‌ಗಳ ಕಾರ್ಖಾನೆಗಳೇ ಜಾಹೀರಾತು ಕೊಡುತ್ತಿದ್ದವು, ಅವುಗಳ ಬೈಕುಗಳೇ ಪರೀಕ್ಷೆಗೂ ಬರುತ್ತಿದ್ದವು. ಏನನ್ನು ಹೊಗಳಿಲ್ಲ ಎಂಬುದನ್ನು ನೋಡಿ ಓದುಗ ತಾನೇ ಅರ್ಥ ಮಾಡಿಕೊಳ್ಳಬೇಕಿತ್ತು.

ಅಮೆರಿಕದಲ್ಲೂ ಹಾಗೆಯೇ. ‘ಸೈಕಲ್’ ಪತ್ರಿಕೆಯೇ ಒಂದು ಕಾಲಕ್ಕೆ ಫ್ಲಾಯ್ಡ್ ಕ್ಲೈಮರ್ ಕೈಯಲ್ಲಿತ್ತು. ಅವರು ಹಳೆಯ ರೇಸರ್, ಬೈಕ್ ವ್ಯಾಪಾರ ಮಾಡಿ ಪಳಗಿದವರು. ಮಾರುವವನ ಕಣ್ಣು ಮತ್ತು ಬರೆಯುವವನ ಕಣ್ಣು ಒಂದೇ ಮುಖದಲ್ಲಿದ್ದ ಕಾಲ ಅದು.

1962ರ ಜನವರಿಯಲ್ಲಿ ಜೋ ಪಾರ್ಕ್‌ಹರ್ಸ್ಟ್ ‘ಸೈಕಲ್ ವರ್ಲ್ಡ್’ ಶುರುಮಾಡಿದರು. ಕಾರಿನ ಪತ್ರಿಕೆ ‘ರೋಡ್ ಅಂಡ್ ಟ್ರ್ಯಾಕ್’ನಲ್ಲಿ ಕೆಲಸ ಮಾಡಿ ಬಂದವರು ಅವರು. ಕಾರುಗಳಿಗೆ ಅಲ್ಲಿ ಮಾಡುತ್ತಿದ್ದುದನ್ನೇ ಬೈಕುಗಳಿಗೂ ಮಾಡಬಾರದೇಕೆ ಎಂಬುದು ಅವರ ಸರಳ ಯೋಚನೆ: ತಕ್ಕಡಿಗೆ ಹಾಕು, ಸ್ಟಾಪ್‌ವಾಚ್ ಒತ್ತು, ಸ್ಪೀಡೋಮೀಟರ್ ಎಷ್ಟು ಸುಳ್ಳು ಹೇಳುತ್ತದೆ ಎಂದು ಅಳೆ, ಸಿಕ್ಕಿದ್ದನ್ನು ಕೋಷ್ಟಕದಲ್ಲಿ ಅಚ್ಚು ಹಾಕು. ಹೀಗೆ ಅಳೆಯತೊಡಗಿದ ಮೇಲೆ ಹಲವು ಸುಂದರ ಸಂಖ್ಯೆಗಳು ಬಣ್ಣ ಕಳೆದುಕೊಂಡವು. ಕಂಪನಿಗಳು ತೂಕವನ್ನು ಎಣ್ಣೆಯೂ ಪೆಟ್ರೋಲೂ ಇಲ್ಲದ ಒಣ ಲೆಕ್ಕದಲ್ಲಿ ಹೇಳುತ್ತಿದ್ದವು. ಟ್ಯಾಂಕ್ ತುಂಬದೆ ಯಾರೂ ಬೈಕ್ ಓಡಿಸುವುದಿಲ್ಲವಲ್ಲ! ಅಶ್ವಶಕ್ತಿಯನ್ನು ಎಂಜಿನ್ನಿನ ಕ್ರ್ಯಾಂಕಿನಲ್ಲಿ ಲೆಕ್ಕ ಹಾಕುತ್ತವೆ. ಗೇರು, ಚೈನುಗಳು ತಮ್ಮ ಪಾಲು ನುಂಗಿದ ಮೇಲೆ ಹಿಂದಿನ ಚಕ್ರಕ್ಕೆ ಎಷ್ಟು ತಲುಪಿತು ಎಂಬುದು ಬೇರೆಯೇ ಕತೆ. ಪಾರ್ಕ್‌ಹರ್ಸ್ಟ್ ಬಳಿ ತಾಂತ್ರಿಕ ಸಂಪಾದಕರಾಗಿದ್ದ ಗಾರ್ಡನ್ ಜೆನ್ನಿಂಗ್ಸ್ ಟು-ಸ್ಟ್ರೋಕ್ ಎಂಜಿನ್ನಿನ ಒಳಗನ್ನು ಬಲ್ಲವರು. ಮುಂದೆ ಅವರು ‘ಸೈಕಲ್’ ಸೇರಿದರು. 1973ರಲ್ಲಿ ಅವರು ಬರೆದ ಟು-ಸ್ಟ್ರೋಕ್ ಟ್ಯೂನಿಂಗ್ ಕೈಪಿಡಿಯನ್ನು ಮೆಕ್ಯಾನಿಕ್‌ಗಳು ಇಂದಿಗೂ ಹುಡುಕುತ್ತಾರೆ.

ಮುಂದಿನ ಹೆಜ್ಜೆ ಹೋಲಿಕೆ. ಒಂದೇ ಬೈಕನ್ನು ಓಡಿಸಿದರೆ ಎಲ್ಲವೂ ಚೆನ್ನಾಗಿದೆ ಎಂದು ಬರೆದು ಪಾರಾಗಬಹುದು. 1970ರ ಮಾರ್ಚ್ ಸಂಚಿಕೆಗೆ ‘ಸೈಕಲ್’ ಏಳು ದೊಡ್ಡ ಬೈಕುಗಳನ್ನು ಒಟ್ಟಿಗೆ ತಂದು ನಿಲ್ಲಿಸಿತು. ಹೋಂಡಾ ಸಿಬಿ 750, ಟ್ರಯಂಫ್ ಟ್ರೈಡೆಂಟ್, ಬಿಎಸ್‌ಎ ರಾಕೆಟ್ ತ್ರೀ, ನಾರ್ಟನ್ ಕಮಾಂಡೊ, ಹಾರ್ಲೆ ಸ್ಪೋರ್ಟ್‌ಸ್ಟರ್, ಕವಾಸಾಕಿ ಮ್ಯಾಕ್ ತ್ರೀ ಸೇರಿದಂತೆ ಎಲ್ಲವೂ ಒಂದೇ ಸಾಲಿನಲ್ಲಿ. ಅಲ್ಲಿ ಯಾರಾದರೂ ಕೊನೆಯ ಸ್ಥಾನಕ್ಕೆ ಬರಲೇಬೇಕು. ಬಂದವರೂ ಜಾಹೀರಾತುದಾರರೇ. ಈ ಇಕ್ಕಟ್ಟನ್ನು ಎದುರಿಸದ ಪತ್ರಿಕೆಗಳು ಇಂದಿಗೂ ಇವೆ: ಹತ್ತು ಬೈಕು ಹೋಲಿಸಿ ಹತ್ತಕ್ಕೂ ಒಂದೊಂದು ಪ್ರಶಸ್ತಿ ಕೊಟ್ಟು ಕಳಿಸುತ್ತವೆ.

ಬರೀ ಸಂಖ್ಯೆಯಿಂದ ಪತ್ರಿಕೆ ನಡೆಯುವುದಿಲ್ಲ ಎಂಬುದೂ ನಿಜ. ‘ಸೈಕಲ್ ವರ್ಲ್ಡ್’ನಲ್ಲಿ ಪೀಟರ್ ಈಗನ್ ಬರೆಯುತ್ತಿದ್ದ ಅಂಕಣಕ್ಕಾಗಿಯೇ ಪತ್ರಿಕೆ ಕೊಳ್ಳುತ್ತಿದ್ದವರಿದ್ದರು. ಅಲ್ಲಿನ ತಾಂತ್ರಿಕ ಬರಹಗಾರ ಕೆವಿನ್ ಕ್ಯಾಮರಾನ್ ಒಂದು ಪಿಸ್ಟನ್ ರಿಂಗಿನ ಬಗ್ಗೆ ಬರೆದರೂ ಲೋಹವಿಜ್ಞಾನದ ಪಾಠ ಕತೆಯಂತೆ ಓದಿಸಿಕೊಳ್ಳುತ್ತದೆ. 1995ರಲ್ಲಿ ಲೇಖಕ ಹಂಟರ್ ಥಾಂಪ್ಸನ್ ಕೈಗೆ ಡುಕಾಟಿ 900 ಕೊಟ್ಟು ಅದೇ ಪತ್ರಿಕೆ ಬರೆಸಿದ ಲೇಖನದಲ್ಲಿ ಅಳತೆಯ ಹೆಸರೇ ಇಲ್ಲ, ಭಯ ಮಾತ್ರ ಇದೆ. ಬ್ರಿಟನ್ನಿನ ‘ಬೈಕ್’ ಪತ್ರಿಕೆಯಲ್ಲಿ 1972ರಿಂದ ಪಾಲ್ ಸ್ಯಾಂಪಲ್ ಬರೆದ ‘ಓಗ್ರಿ’ ವ್ಯಂಗ್ಯಚಿತ್ರಗಳನ್ನು ನೋಡಲು ಕೊನೆಯ ಪುಟಗಳಿಂದಲೇ ಓದು ಶುರುಮಾಡುತ್ತಿದ್ದವರೂ ಉಂಟು.

ಪತ್ರಿಕೆಯ ಬೆನ್ನುಮೂಳೆಗೆ ಅತಿ ಕಠಿಣ ಪರೀಕ್ಷೆ ಬಂದದ್ದು ಬೈಕಿನಿಂದಲ್ಲ, ಹೆಲ್ಮೆಟ್‌ನಿಂದ.

1912ರಿಂದ ನಡೆದು ಬಂದ ‘ಮೋಟಾರ್‌ಸೈಕ್ಲಿಸ್ಟ್’ ಎಂಬ ಅಮೆರಿಕನ್ ಪತ್ರಿಕೆ 2005ರಲ್ಲಿ 16 ಮಾದರಿಯ ಹೆಲ್ಮೆಟ್‌ಗಳನ್ನು ಪ್ರಯೋಗಾಲಯಕ್ಕೆ ಒಯ್ದಿತು. ನಿಜವಾದ ಡಾಂಬರಿನ ತುಂಡಿನ ಮೇಲೆ ಅವನ್ನು ಬೀಳಿಸಿ, ಒಳಗಿನ ಕೃತಕ ತಲೆಗೆ ಎಷ್ಟು ‘ಜಿ’ (ಗುರುತ್ವದ ಎಷ್ಟು ಪಟ್ಟು) ಪೆಟ್ಟು ತಲುಪುತ್ತದೆ ಎಂದು ಅಳೆಯಿತು. ಅಲ್ಲಿಯವರೆಗೆ ಸವಾರರ ನಂಬಿಕೆ ಸರಳವಾಗಿತ್ತು: ದುಬಾರಿ ಹೆಲ್ಮೆಟ್ ಒಳ್ಳೆಯದು, ಅದರ ಮೇಲೆ ಹೆಲ್ಮೆಟ್ ಪರೀಕ್ಷಿಸುವ ಸ್ನೆಲ್ ಸಂಸ್ಥೆಯ ಸ್ಟಿಕರ್ ಇದ್ದರೆ ಇನ್ನೂ ಒಳ್ಳೆಯದು. ಫಲಿತಾಂಶ ತಿರುಗುಮುರುಗಾಗಿ ಬಂತು. ತಲೆಗೆ ಅತಿ ಕಡಿಮೆ ಪೆಟ್ಟು ದಾಟಿಸಿದ್ದು ಸುಮಾರು 80 ಡಾಲರಿನ, ಸರ್ಕಾರಿ ಮಾನದಂಡದ ಮುದ್ರೆ ಮಾತ್ರ ಇದ್ದ ಅಗ್ಗದ ಹೆಲ್ಮೆಟ್.

ಕಾರಣ ತಿಳಿದರೆ ಅಚ್ಚರಿ ಕರಗುತ್ತದೆ. ಸ್ನೆಲ್ ಮಾನದಂಡದಲ್ಲಿ ಒಂದೇ ಜಾಗದ ಮೇಲೆ ಎರಡು ಸಲ ಜೋರಾದ ಹೊಡೆತ ತಾಳಬೇಕಿತ್ತು. ಎರಡನೇ ಹೊಡೆತಕ್ಕೂ ಉಳಿಯಬೇಕೆಂದರೆ ಒಳಗಿನ ಫೋಮ್ ಗಡುಸಾಗಿರಬೇಕು. ಗಡುಸಾದ ಫೋಮ್ ಸಾಮಾನ್ಯ ಬೀಳುವಿಕೆಯಲ್ಲಿ ಜಜ್ಜಿಕೊಳ್ಳದೆ ಪೆಟ್ಟನ್ನು ತಲೆಗೇ ದಾಟಿಸುತ್ತದೆ. ಹೆಲ್ಮೆಟ್ ಉಳಿಯುತ್ತದೆ, ಮಿದುಳು ಕುಲುಕುತ್ತದೆ. ದುಬಾರಿ ಹೆಲ್ಮೆಟ್ ಮಾಡುವವರು ಪುಟಗಟ್ಟಲೆ ಜಾಹೀರಾತು ಕೊಡುವವರೂ ಆಗಿದ್ದರಿಂದ ಗದ್ದಲ ದೊಡ್ಡದೇ ಆಯಿತು. ಆದರೆ ಸ್ನೆಲ್ ಸಂಸ್ಥೆಯ 2010ರ ಹೊಸ ಮಾನದಂಡ ಪೆಟ್ಟಿನ ಮಿತಿಯನ್ನು ಇಳಿಸಿತು. 2005ರ ಆ ಹೆಲ್ಮೆಟ್ ಲೇಖನ ಬರೆದ ಡೆಕ್ಸ್‌ಟರ್ ಫೋರ್ಡ್ 2009ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಇದೇ ವಿಷಯ ಮತ್ತೆ ಎತ್ತಿದರು. ಅದರ ಬೆನ್ನಿಗೇ ‘ಮೋಟಾರ್‌ಸೈಕ್ಲಿಸ್ಟ್’ ಜತೆಗಿನ ಅವರ ನಂಟು ಮುರಿಯಿತು, ಜಾಹೀರಾತುದಾರರ ಅಸಮಾಧಾನವೇ ಕಾರಣ ಎಂದು ಆಗ ವರದಿಯಾಯಿತು. ಒಂದು ಪತ್ರಿಕೆ ತನ್ನ ಅತ್ಯುತ್ತಮ ಕೆಲಸವನ್ನು ಮಾಡಿದ್ದೂ ಅದರ ಭಾರ ಹೊರಲಾಗದೆ ಬಗ್ಗಿದ್ದೂ ನಾಲ್ಕೇ ವರ್ಷಗಳ ಅಂತರದಲ್ಲಿ.

ಜಾಹೀರಾತೇ ಬೇಡ ಎಂದವರೂ ಇದ್ದರು. ‘ಮೋಟಾರ್‌ಸೈಕಲ್ ಕನ್ಸ್ಯೂಮರ್ ನ್ಯೂಸ್’ ಬರೀ ಚಂದಾ ಹಣದಲ್ಲಿ ಬದುಕಿತು. ಸುರಕ್ಷಿತ ಸವಾರಿಯ ಬಗ್ಗೆ ಡೇವಿಡ್ ಹಫ್ ಅದರಲ್ಲಿ ಬರೆದ ಅಂಕಣಗಳು 2000ದಲ್ಲಿ ಪುಸ್ತಕವಾಗಿ, ಸವಾರರು ಒಬ್ಬರಿಗೊಬ್ಬರು ಕೊಡುವ ಉಡುಗೊರೆಯಾದವು. ಆ ಪತ್ರಿಕೆ ಈಗಿಲ್ಲ. ‘ಸೈಕಲ್’ 1991ರಲ್ಲೇ ಮುಚ್ಚಿತು. ‘ಮೋಟಾರ್‌ಸೈಕ್ಲಿಸ್ಟ್’ 2019ರಲ್ಲಿ ಮುದ್ರಣ ನಿಲ್ಲಿಸಿತು. ‘ಸೈಕಲ್ ವರ್ಲ್ಡ್’ ತ್ರೈಮಾಸಿಕವಾಗಿ, ಆಮೇಲೆ ಕಾಗದದಿಂದಲೇ ಮರೆಯಾಯಿತು.

ಭಾರತದಲ್ಲಿ ಬೈಕ್ ಪತ್ರಿಕೆ ಬೇರೂರಲು ತಡವಾದದ್ದಕ್ಕೆ ಕಾರಣ ಓದುಗರ ಕೊರತೆಯಲ್ಲ, ಆಯ್ಕೆಯ ಕೊರತೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಆಮೇಲೆ ಯೆಜ್ಡಿ; ಇಲ್ಲವೇ ಬುಲೆಟ್, ರಾಜ್‌ದೂತ್. ಇಷ್ಟರಲ್ಲಿ ಯಾವುದು ಒಳ್ಳೆಯದೆಂದು ಹೇಳಲು ಮೂಲೆಯ ಗ್ಯಾರೇಜಿನ ಮೇಸ್ತ್ರಿಯೇ ಸಾಕಾಗಿದ್ದ. ಅವನ ವಿಮರ್ಶೆಗೆ ಜಾಹೀರಾತಿನ ಹಂಗೂ ಇರಲಿಲ್ಲ. 1984-86ರ ನಡುವೆ ಜಪಾನಿ ಸಹಯೋಗದ 100 ಸಿಸಿ ಬೈಕುಗಳು ಬಂದವು: ಇಂಡ್-ಸುಜುಕಿ, ಹೀರೊ ಹೋಂಡಾ ಸಿಡಿ 100, ಯಮಾಹಾ ಆರ್‌ಎಕ್ಸ್ 100, ಕವಾಸಾಕಿ ಬಜಾಜ್. ಮೈಲೇಜೋ ಪಿಕಪ್ಪೋ ಎಂಬ ಜಗಳ ಅಲ್ಲಿಂದ ಶುರು. 1998ರಲ್ಲಿ ‘ಓವರ್‌ಡ್ರೈವ್’, 1999ರಲ್ಲಿ ‘ಆಟೋಕಾರ್ ಇಂಡಿಯಾ’, 2005ರಲ್ಲಿ ಬೈಕುಗಳಿಗೆಂದೇ ‘ಬೈಕ್ ಇಂಡಿಯಾ’ ಬಂದವು. ಅಷ್ಟರಲ್ಲಿ ಸಿಬಿಝಡ್, ಪಲ್ಸರ್‌ಗಳು ಕಾಲೇಜು ಹುಡುಗರ ತಲೆ ಕೆಡಿಸಿದ್ದವು. ವಿದೇಶಿ ಪತ್ರಿಕೆಗಳಲ್ಲಿ ಮೂಲೆಯಲ್ಲಿ ಬಿದ್ದಿರುತ್ತಿದ್ದ ಪೆಟ್ರೋಲ್ ಲೆಕ್ಕ ಇಲ್ಲಿ ಕೋಷ್ಟಕದ ತಲೆಗೆ ಏರಿತು. ಪ್ರಯೋಗಾಲಯದ ಪ್ರಮಾಣಪತ್ರದ ಮೈಲೇಜ್ ಒಂದು, ಟ್ಯಾಂಕ್ ತುಂಬಿಸಿ ಊರೊಳಗೆ ಓಡಿಸಿ ಮತ್ತೆ ತುಂಬಿಸಿ ಕಂಡುಕೊಂಡ ಮೈಲೇಜ್ ಇನ್ನೊಂದು.

ಹೀಗಾಗಿ ಪತ್ರಿಕೆ ಅಂಗಡಿಯಲ್ಲಿ ಕಣ್ಣು ಹಾಯಿಸುವವರು ರಕ್ಷಾಪುಟದ ಬೈಕಿಗೆ ಮರುಳಾಗಬೇಕಿಲ್ಲ. ಹೊಸ ಬೈಕಿನ ಬಿಡುಗಡೆಯ ಸವಾರಿಯ ವರದಿ ಎಷ್ಟೇ ಚೆಂದವಿದ್ದರೂ ಅದು ಕಂಪನಿಯ ಆತಿಥ್ಯದಲ್ಲಿ ಬರೆದದ್ದು. ರಾಯಲ್ ಎನ್‌ಫೀಲ್ಡ್ ತನ್ನ 650 ಸಿಸಿ ಬೈಕುಗಳನ್ನು 2018ರಲ್ಲಿ ಪತ್ರಕರ್ತರ ಕೈಗೆ ಮೊದಲು ಕೊಟ್ಟದ್ದು ಕ್ಯಾಲಿಫೋರ್ನಿಯಾದಲ್ಲಿ. ಶಿರಾಡಿ ಘಾಟಿಯ ಜುಲೈ ಮಳೆಯಲ್ಲಿ ಬೈಕು ಹೇಗೆ ನಡೆದುಕೊಳ್ಳುತ್ತದೆ ಎಂಬುದು ಅಲ್ಲಿ ತಿಳಿಯುವಂಥದ್ದಲ್ಲ. ಹೆಲ್ಮೆಟ್ ಪುಟ ಇದೆಯೇ ಎಂದೂ ನೋಡಬೇಕು. 2016ರ ಜನವರಿಯಲ್ಲಿ ಕರ್ನಾಟಕ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಮಾಡಿದಾಗ ಪೊಲೀಸರ ಕಣ್ಣಿಗಷ್ಟೇ ಬೇಕಾದ ಟೋಪಿಗಳಿಗೆ ಬೀದಿಬದಿಯಲ್ಲಿ ಒಳ್ಳೆಯ ಗಿರಾಕಿ ಇತ್ತು. ಅಂಥದ್ದನ್ನು ಕೊಂಡು ತಂದು ಬೀಳಿಸಿ ನೋಡುವ ಪತ್ರಿಕೆಗೆ ಚಂದಾ ಕಟ್ಟಬಹುದು. ಆಮೇಲೆ ಹಿಂದಿನ ಪುಟಗಳಲ್ಲಿರುವ ದೀರ್ಘಾವಧಿ ವರದಿ. ಬೈಕು ಎಷ್ಟು ಸಾವಿರ ಕಿಲೋಮೀಟರ್ ಓಡಿದೆ, ಚೈನು ಎಷ್ಟು ಸಲ ಬಿಗಿ ಮಾಡಬೇಕಾಯಿತು, ಬ್ರೇಕ್ ಪ್ಯಾಡ್ ಯಾವಾಗ ಸವೆಯಿತು, ಬಿಡಿಭಾಗಕ್ಕೆ ಎಷ್ಟು ವಾರ ಕಾದರು, ಆ ಬೈಕು ಕಂಪನಿಯದ್ದೋ ಪತ್ರಿಕೆಯವರು ಕೊಂಡದ್ದೋ, ಸರ್ವಿಸ್ ಬಿಲ್ಲಿನ ಮೊತ್ತ ಅಚ್ಚಾಗಿದೆಯೇ ಎಂಬುದನ್ನೆಲ್ಲ ಅಂಗಡಿಯಲ್ಲಿ ನಿಂತೇ ಐದು ನಿಮಿಷದಲ್ಲಿ ನೋಡಿಬಿಡಬಹುದು.