ಒದ್ದೆ ಹಾಸಿಗೆಯ ವಿಚಾರ

ಕನ್ನಡದಲ್ಲಿ 'ಬುರುಕ' ಎಂಬುದೊಂದು ಪ್ರತ್ಯಯವಿದೆ. ಅಂಜುಬುರುಕ, ಅಳುಬುರುಕ ಎಂಬಲ್ಲಿ ಅದನ್ನು ಕಾಣುತ್ತೇವೆ. ಎಂದೋ ಒಮ್ಮೆ ಅಂಜಿದವನನ್ನು ಅಂಜುಬುರುಕನೆನ್ನುವುದಿಲ್ಲ. ಅಂಜುವುದೇ ಅವನ ಸ್ವಭಾವವೆಂದು ತೀರ್ಮಾನಿಸಿದ ಮೇಲೆ ಆ ಹೆಸರು ಬರುತ್ತದೆ. ಇದೇ ಪ್ರತ್ಯಯವನ್ನು ಹಚ್ಚಿ, ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುವ ಮಗುವನ್ನು 'ಉಚ್ಚೆಬುರುಕ' ಎನ್ನುತ್ತೇವೆ. ಹನ್ನೊಂದನೆಯ ವಯಸ್ಸಿನವರೆಗೆ ಆ ಬಿರುದನ್ನು ಹೊತ್ತವರಲ್ಲಿ ನಾನೂ ಒಬ್ಬ. ಮುಂದೆ ತರಗತಿಗಳಲ್ಲಿ ವರ್ಷಗಟ್ಟಲೆ ವ್ಯಾಕರಣ ಹೇಳಿದೆನಾದರೂ ಈ ಒಂದು ಪದವನ್ನು ಮಾತ್ರ ಉದಾಹರಣೆಯಾಗಿ ಎಂದೂ ಕೊಡಲಿಲ್ಲ.

ಶಾರ್ಙ್ಗಧರಸಂಹಿತೆಯ ಬಾಲರೋಗಗಳ ಸಾಲಿನಲ್ಲಿ ಇದಕ್ಕೆ 'ಶಯ್ಯಾಮೂತ್ರ' ಎಂಬ ಹೆಸರಿದೆ. ಆ ಹೆಸರಿನಲ್ಲಿ ಹಾಸಿಗೆಯಿದೆ, ಮೂತ್ರವಿದೆ, ತಪ್ಪಿತಸ್ಥನಿಲ್ಲ. ಇಂದಿನ ವೈದ್ಯಶಾಸ್ತ್ರ ಹೇಳುವುದೂ ಅದನ್ನೇ. ರಾತ್ರಿಯ ಹೊತ್ತು ಪಿಟ್ಯೂಟರಿ ಗ್ರಂಥಿಯಿಂದ ವಾಸೋಪ್ರೆಸಿನ್ ಎಂಬ ಹಾರ್ಮೋನು ಹೆಚ್ಚಾಗಿ ಸ್ರವಿಸಿ, ಮೂತ್ರದ ಉತ್ಪತ್ತಿಯನ್ನು ತಗ್ಗಿಸುತ್ತದೆ. ಕೆಲವು ಮಕ್ಕಳಲ್ಲಿ ಈ ಏರ್ಪಾಡು ತಡವಾಗಿ ಬಲಿಯುತ್ತದೆ. ಕೆಲವರ ಮೂತ್ರಕೋಶ ರಾತ್ರಿಯಿಡೀ ಹಿಡಿದಿಡಲಾರದು. ಇವೆರಡಕ್ಕಿಂತ ಮುಖ್ಯವಾದುದು, ಮೂತ್ರಕೋಶ ತುಂಬಿತೆಂಬ ಕರೆ ಮೆದುಳಿಗೆ ಮುಟ್ಟಿದರೂ ಮಗು ಎಚ್ಚರಗೊಳ್ಳುವುದಿಲ್ಲ. ನಿದ್ರಿಸುತ್ತಿರುವವನಿಗೆ ಸೋಮಾರಿತನವೆಲ್ಲಿಂದ ಬರಬೇಕು?

ನನ್ನ ತಂದೆಯವರಿಗೆ ಇದು ತಿಳಿದಿರಲಿಲ್ಲ. ಬೆಳಗಾಗುತ್ತಲೇ ಒದ್ದೆ ಕೌದಿಯನ್ನು ನನ್ನ ತಲೆಯ ಮೇಲೆ ಹೊರಿಸಿ, ನೆರೆಯವರೆಲ್ಲ ನೋಡುವಂತೆ ಬಾವಿಕಟ್ಟೆಯವರೆಗೆ ನಡೆಸುತ್ತಿದ್ದರು. ನಾನು ಸಂಜೆಯ ಬಳಿಕ ನೀರು ಮುಟ್ಟುವುದನ್ನೇ ಬಿಟ್ಟೆ. ನಿದ್ದೆ ಬಾರದಿರಲೆಂದು ಗೋಡೆಗೊರಗಿ ಕುಳಿತೆ. ಯಾವುದರಿಂದಲೂ ಪ್ರಯೋಜನವಾಗಲಿಲ್ಲ. ಒಂದು ಮಳೆಗಾಲದಲ್ಲಿ ಅದು ತಾನಾಗಿಯೇ ನಿಂತುಹೋಯಿತು. ಬಹುಪಾಲು ಮಕ್ಕಳಲ್ಲಿ ನಡೆಯುವುದೂ ಹೀಗೆಯೇ. ಐದು ವರ್ಷದ ನೂರು ಮಕ್ಕಳಲ್ಲಿ ಸುಮಾರು 15 ಮಂದಿಗೆ ಈ ತೊಂದರೆಯಿರುತ್ತದೆ; ಉಳಿದವರಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು 15ರಂತೆ ಕಡಿಮೆಯಾಗುತ್ತ ಹೋಗಿ, ವಯಸ್ಕರಲ್ಲಿ ನೂರಕ್ಕೆ ಒಬ್ಬಿಬ್ಬರಲ್ಲಿ ಮಾತ್ರ ನಿಲ್ಲುತ್ತದೆ.

ಐದರ ಒಳಗಿನ ಮಕ್ಕಳ ವಿಷಯದಲ್ಲಿ ಚಿಕಿತ್ಸೆಯ ಮಾತೇ ಬೇಡ. ಅನಂತರವೂ ಹಗಲಿನಲ್ಲಿ ನೀರನ್ನು ಧಾರಾಳವಾಗಿ ಕುಡಿಸಿ, ರಾತ್ರಿ ಮಾತ್ರ ಮಿತಗೊಳಿಸಬೇಕು. ಸಂಜೆಯ ಕಾಫಿ ಚಹಾ ಬೇಡ. ಮಲಗುವ ಮುನ್ನ ಮೂತ್ರಕ್ಕೆ ಹೋಗಿಬರಲಿ. ಮಲಬದ್ಧತೆಯಿದ್ದರೆ ಮೊದಲು ಅದನ್ನು ಸರಿಪಡಿಸಬೇಕು. ತುಂಬಿದ ಕರುಳು ಮೂತ್ರಕೋಶವನ್ನು ಒತ್ತುತ್ತದೆಂಬುದು ಎಷ್ಟೋ ತಾಯಂದಿರಿಗೆ ಹೊಳೆಯುವುದಿಲ್ಲ. 1938ರಲ್ಲಿ ಅಮೆರಿಕದ ಮೌರರ್ ದಂಪತಿಗಳು ಗಂಟೆಯ ಉಪಾಯವೊಂದನ್ನು ಪ್ರಕಟಿಸಿದರು: ಹಾಸಿನ ಮೇಲೆ ತೇವ ಬಿದ್ದೊಡನೆ ವಿದ್ಯುತ್ತು ಹರಿದು ಗಂಟೆ ಬಾರಿಸುತ್ತದೆ. ಅದರ ಸುಧಾರಿತ ರೂಪ ಇಂದಿಗೂ ಬಳಕೆಯಲ್ಲಿದ್ದು, ಮೂರರಲ್ಲಿ ಇಬ್ಬರು ಮಕ್ಕಳಿಗೆ ಗುಣ ಕೊಡುತ್ತದೆ. ಆದರೆ ಮೊದಮೊದಲು ಗಂಟೆಗೆ ಮನೆಮಂದಿಯೆಲ್ಲ ಏಳುತ್ತಾರೆ, ಮಗುವೊಂದನ್ನು ಬಿಟ್ಟು! ದೊಡ್ಡವರೇ ಎಬ್ಬಿಸಿ ಬಚ್ಚಲಿಗೆ ಕರೆದೊಯ್ಯಬೇಕು. ಎರಡು ಮೂರು ತಿಂಗಳ ತಾಳ್ಮೆ ಬೇಕು. ಡೆಸ್ಮೊಪ್ರೆಸಿನ್ ಮಾತ್ರೆಯೂ ಉಂಟು. ವೈದ್ಯರು ಹೇಳಿದರಷ್ಟೇ ಕೊಡತಕ್ಕದ್ದು. ಅದನ್ನು ಕೊಟ್ಟ ರಾತ್ರಿ ಹೆಚ್ಚು ನೀರು ಕುಡಿದರೆ ರಕ್ತದ ಸೋಡಿಯಂ ಇಳಿದು ಅಪಾಯವಾದೀತು. ಆರು ತಿಂಗಳು ಒಣಗಿದ್ದ ಹಾಸಿಗೆ ಮತ್ತೆ ಒದ್ದೆಯಾಗತೊಡಗಿದರೆ ಕಾರಣ ಹುಡುಕಬೇಕು. ಮೂತ್ರದ ಸೋಂಕಿರಬಹುದು, ತಂಗಿಯೋ ತಮ್ಮನೋ ಹುಟ್ಟಿದ ಕಳವಳವಿರಬಹುದು. ಬಾಯಾರಿಕೆ ಹೆಚ್ಚಿ ಮೈ ಇಳಿಯುತ್ತಿದ್ದರೆ ಮಧುಮೇಹವಿದ್ದೀತು. ಆಗ ಒಂದು ದಿನವೂ ತಡಮಾಡಲಾಗದು.

ದೊಡ್ಡವರಲ್ಲಿ ಹೊಸದಾಗಿ ಕಾಣಿಸಿಕೊಂಡರಂತೂ ಅದನ್ನು ಮುಚ್ಚಿಡಲೇಬಾರದು. ಮಧುಮೇಹ, ಗೊರಕೆಯೊಂದಿಗೆ ಉಸಿರು ಕಟ್ಟುವ ನಿದ್ರಾರೋಗ, ನರಗಳ ತೊಂದರೆ, ನಿದ್ರೆಯ ಮಾತ್ರೆ, ಹೀಗೆ ಕಾರಣಗಳು ಹಲವು. ನಮ್ಮ ತಂದೆಯವರು ಎಂಬತ್ತರ ಹತ್ತಿರದಲ್ಲಿ ಒದ್ದೆ ಪಂಚೆಯನ್ನು ಮಂಚದ ಕೆಳಗೆ ತುರುಕಿಡುತ್ತಿದ್ದರು. ಕಂಡದ್ದು ನನಗೆ. ಅವರು ಕುಡಿಯುವ ನೀರನ್ನೂ ಕಡಿಮೆ ಮಾಡಿದ್ದರು. ಬಹಳ ಹೇಳಿದ ಮೇಲೆ ಆಸ್ಪತ್ರೆಗೆ ಬಂದರು. ಪ್ರಾಸ್ಟೇಟ್ ಗ್ರಂಥಿ ಊದಿ ದಾರಿ ಕಟ್ಟಿತ್ತು. ಮೂತ್ರಕೋಶ ಬರಿದಾಗದೆ, ತುಂಬಿದ ಕೊಡದಂತೆ ರಾತ್ರಿ ತುಳುಕುತ್ತಿತ್ತು. ಇನ್ನೂ ತಡವಾಗಿದ್ದರೆ ಮೂತ್ರಪಿಂಡಗಳೇ ಕೆಡುತ್ತಿದ್ದುವೆಂದು ವೈದ್ಯರು ಹೇಳಿ, ನಳಿಕೆ ಹಾಕಿ, ಮುಂದೆ ಶಸ್ತ್ರಚಿಕಿತ್ಸೆ ಮಾಡಿದರು.

ಆಗ ನೋಡಲು ಬಂದ ನನ್ನ ಸೋದರತ್ತೆ, "ಅಣ್ಣನಿಗೆ ಚಿಕ್ಕಂದಿನಲ್ಲೂ ಹೀಗೇ ಕಣೋ, ಹನ್ನೆರಡು ತುಂಬುವವರೆಗೂ" ಎಂದು ನಕ್ಕರು. ಆ ತೊಂದರೆಗೂ ಈ ಮುಪ್ಪಿನ ತೊಂದರೆಗೂ ಸಂಬಂಧವಿಲ್ಲ. ನನಗೂ ಅವರಿಗೂ ಮಾತ್ರ ಸಂಬಂಧವಿತ್ತು: ತಂದೆ ತಾಯಿಗಳಲ್ಲಿ ಒಬ್ಬರಿಗೆ ಬಾಲ್ಯದಲ್ಲಿ ಇದಿದ್ದರೆ ಮಗುವಿಗೆ ಬರುವ ಸಂಭವ ನೂರಕ್ಕೆ ಸುಮಾರು 44, ಇಬ್ಬರಿಗೂ ಇದ್ದರೆ 77. ತಂದೆಯವರು ಗೋಡೆಯ ಕಡೆಗೆ ಮುಖ ತಿರುಗಿಸಿದರು. ಅತ್ತೆ ಹೋದ ಮೇಲೆ ಬಹಳ ಹೊತ್ತಿಗೆ, "ನಮ್ಮಪ್ಪ ನನಗೂ ಹೊರಿಸುತ್ತಿದ್ದರು" ಎಂದಷ್ಟೇ ಹೇಳಿದರು. ನಾನು ಹಾಸಿಗೆಯ ಬಟ್ಟೆ ಬದಲಾಯಿಸಿದೆ.