ಗದ್ದೆಯೋ ತೋಟವೋ? ಸಾಕ್ಷಿಗೆ ಬಂದಿದೆ ಉಪಗ್ರಹ

ಕಾಸರಗೋಡು: ಮಗಳಿಗೊಂದು ಮನೆ ಕಟ್ಟಿಕೊಡೋಣ ಎಂದು ಹೊರಟವರಿಗೆ ಮೊದಲು ಎದುರಾಗುವ ಪ್ರಶ್ನೆ, 'ಜಾಗ ಡಾಟಾ ಬ್ಯಾಂಕಲ್ಲಿ ಉಂಟಾ?' ಉಂಟು ಎಂದಾದರೆ ಕೆಲಸ ಅಲ್ಲಿಗೇ ನಿಂತಿತು. ಎದುರಿಗೆ ಮೂವತ್ತು ವರ್ಷದ ಕಂಗುಗಳಿದ್ದರೂ ದಾಖಲೆಯಲ್ಲಿ ಅದು ಗದ್ದೆಯೇ.

1970ರ ದಶಕದ ಮಧ್ಯದಲ್ಲಿ ಕೇರಳದಲ್ಲಿ ಸುಮಾರು 8.8 ಲಕ್ಷ ಹೆಕ್ಟೇರ್ ಭತ್ತದ ಬೇಸಾಯವಿತ್ತು. 2008ರ ಹೊತ್ತಿಗೆ ಎರಡೂವರೆ ಲಕ್ಷವೂ ಉಳಿಯಲಿಲ್ಲ. ಆ ವರ್ಷದ ಆಗಸ್ಟ್‌ನಲ್ಲಿ ಗದ್ದೆ, ಜೌಗು ಭೂಮಿ ಸಂರಕ್ಷಣೆಯ ಕಾಯ್ದೆ ಜಾರಿಗೆ ಬಂತು. ಆಗ ಯಾವುದು ಗದ್ದೆಯಾಗಿತ್ತು ಎಂಬುದರ ಪಟ್ಟಿಯೇ ಡಾಟಾ ಬ್ಯಾಂಕ್. ತಪ್ಪಾಗಿ ಸೇರಿದ್ದರೆ ಕಂದಾಯ ಇಲಾಖೆಗೆ ಫಾರಂ 5 ಅರ್ಜಿ ಕೊಡಬೇಕು. ಕೃಷಿ ಅಧಿಕಾರಿಯ ವರದಿಯ ಜೊತೆಗೆ ತಿರುವನಂತಪುರದ ರಾಜ್ಯ ರಿಮೋಟ್ ಸೆನ್ಸಿಂಗ್ ಮತ್ತು ಪರಿಸರ ಕೇಂದ್ರದಿಂದ ಹಳೆಯ ಉಪಗ್ರಹ ಚಿತ್ರದ ವರದಿಯನ್ನೂ ತರಿಸಬಹುದು.

ಹಸಿರೆಲೆ ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಚೆನ್ನಾಗಿ ಪ್ರತಿಫಲಿಸುತ್ತದೆ, ನೀರು ಅದನ್ನು ಹೀರಿಕೊಳ್ಳುತ್ತದೆ. ಹಾಗಾಗಿ ಇಂಥ ಚಿತ್ರದಲ್ಲಿ ತೋಟ ವರ್ಷವಿಡೀ ಕೆಂಪು. ಗದ್ದೆಯಾದರೆ ನೇಜಿ ನೆಡುವಾಗ ಕಪ್ಪು, ಪೈರು ಬೆಳೆದಾಗ ಕೆಂಪು, ಕೊಯ್ಲಾದ ಮೇಲೆ ಬೋಳು.

ಆದರೆ ಎಲ್ಲವೂ ಮೇಲಿನಿಂದ ಕಾಣುವುದಿಲ್ಲ. ಏಣೆಲಿನ ಕಾಲದಲ್ಲಿ ಮೋಡ ಅಡ್ಡ. ನಮ್ಮ ಬೈಲುಗಳೋ ಗುಡ್ಡಗಳ ನಡುವಿನ ಕಿರಿದಾದ ಪಟ್ಟಿಗಳು. 'ಲಿಸ್-3' ಕ್ಯಾಮರಾದ ಚಿತ್ರದಲ್ಲಿ ಒಂದು ಚುಕ್ಕೆ ಎಂದರೆ 23.5 ಮೀಟರ್ ಚೌಕ, ಅಂದರೆ ಹದಿಮೂರು ಸೆಂಟ್ಸಿಗೂ ಹೆಚ್ಚು. ಹತ್ತು ಸೆಂಟ್ಸಿನವನ ಜಾಗ ಅದರಲ್ಲಿ ಪಕ್ಕದವನ ತೋಟದೊಂದಿಗೆ ಬೆರೆತೇ ಹೋಗುತ್ತದೆ. 5.8 ಮೀಟರಿನ 'ಲಿಸ್-4' ಚಿತ್ರ ಇದ್ದರೆ ವಾಸಿ. ಹಡಿಲು ಗದ್ದೆಯ ಹುಲ್ಲೂ ಪೈರಿನಂತೆಯೇ ಕಾಣುವುದರಿಂದ, ಕೊನೆಗೆ ಯಾರಾದರೂ ಹುಣಿಯ ಮೇಲೆ ನಡೆದು ನೋಡಲೇಬೇಕು.

ಹಡಿಲು ಬಿಟ್ಟ ಮಾತ್ರಕ್ಕೆ ಗದ್ದೆ ಪಟ್ಟಿಯಿಂದ ಹೊರಬೀಳುವುದಿಲ್ಲ. ಕಾಯ್ದೆ ಬಂದ ದಿನ ಆ ನೆಲ ಭತ್ತದ ಬೇಸಾಯಕ್ಕೆ ಯೋಗ್ಯವಾಗಿತ್ತೇ ಎಂಬುದೇ ಮುಖ್ಯ ಎಂದು ಕೇರಳ ಹೈಕೋರ್ಟ್ ಹಲವು ತೀರ್ಪುಗಳಲ್ಲಿ ಹೇಳಿದೆ. ಇದು ಸುಮ್ಮನೆ ಹಟವಲ್ಲ. ಮಳೆಗಾಲದಲ್ಲಿ ನೀರು ನಿಲ್ಲಿಸಿಕೊಂಡು ಕೆಳಗೆ ಇಂಗಿಸುವುದು ಈ ಬೈಲುಗಳೇ. ಮಣ್ಣು ತುಂಬಿಸಿದವನಿಗೆ ಮನೆ ಆದೀತು, ಆಚೆಮನೆಯ ಬಾವಿಯ ಗತಿ?

ಅರ್ಜಿ ಹಾಕುವವರು ಹಳೆಯ ತೆರಿಗೆ ರಶೀದಿ, ಆಧಾರ ಪತ್ರ, ತೋಟದ ಪ್ರಾಯ ತೋರಿಸುವ ದಾಖಲೆಗಳನ್ನು ಜೋಪಾನವಾಗಿ ಇಟ್ಟುಕೊಂಡರೆ ಒಳ್ಳೆಯದು. ಆಕಾಶದ ಚಿತ್ರ ಮಸುಕಾದಲ್ಲಿ ಕೈಯಲ್ಲಿರುವ ಕಾಗದವೇ ಆಧಾರ.